ಬಾಳೆನಾರಿನಲ್ಲಿ ಅರಳಿದ ಸೇವಂತಿಗೆ

ಮೋಸ ಮಾಡಿ ಹೂವಿನ ಬಹುಮಾನ ಹೊಡೆದವನು ನಾನು. ಅದಕ್ಕೆ ನನಗೆ ಈಗಲೂ ಅಂಥ ನಾಚಿಕೆಯೇನಿಲ್ಲ. ಬಹುಮಾನ ಕೊಟ್ಟವರಿಗೆ ಸೇವಂತಿಗೆಗೂ ಹೂಕೋಸಿಗೂ ವ್ಯತ್ಯಾಸ ತಿಳಿದಿತ್ತೇ ಎಂಬ ಅನುಮಾನ ಇವತ್ತಿಗೂ ಉಳಿದಿದೆ. ನಾಚಿಕೆಯಾಗುವುದು ಅದರ ನಂತರದ ನಾಲ್ಕು ತಿಂಗಳಿಗೆ. ಹಲ್ಲೆಲ್ಲ ಉದುರಿದ ಮೇಲೆ ಬಾಯಿ ಬಿಡುವುದಕ್ಕೆ ಅಡ್ಡಿಯೇನು ಎಂದು ಈಗ ಹೇಳುತ್ತಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ ನಾವು ಚಿನ್ನದ ಗಣಿಯೂರು ಉರಿಗಾಂನ ಸಾಲುಮನೆಯೊಂದರಲ್ಲಿದ್ದೆವು. ಹೈಸ್ಕೂಲು ಮುಗಿಸಿದ್ದ ಪುಣ್ಯಕ್ಕೆ ನನಗೆ ಹಾಜರಿ ಬರೆಯುವ ಗುಮಾಸ್ತೆಯ ಕೆಲಸ. ಪಕ್ಕದ ಮನೆಯವರು ಗಣಿಯೊಳಗೆ ಇಳಿದು ಬಂಡೆ ಕೊರೆಯುವವರು, ಬಂಗಾರಪೇಟೆ ಕಡೆಯ ಹಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ರೈಟ್ರೇ ಎನ್ನುತ್ತಿದ್ದರು. ಗುಮಾಸ್ತರಿಗೆಲ್ಲ ಅಲ್ಲಿ ಅದೇ ಮರ್ಯಾದೆ.

ಅವರ ಮನೆಯ ಮುಂದೆ ಎರಡು ಮಂಚ ಹಾಕುವಷ್ಟು ಜಾಗ. ಅಷ್ಟರಲ್ಲೇ ಸೇವಂತಿಗೆ, ಕನಕಾಂಬರ, ಕುಂಡದಲ್ಲೊಂದು ಗುಲಾಬಿ. ಸ್ನಾನದ ನೀರು ಕಾಲುವೆ ಹಿಡಿದು ಗಿಡಗಳಿಗೇ ಹೋಗಬೇಕು. ಗಾಳಿ ಎದ್ದು, ಚಿನ್ನ ತೆಗೆದ ಕಲ್ಲುಪುಡಿ ಸುರಿದ ಸೈನೈಡ್ ಗುಡ್ಡದ ಬಿಳಿ ಧೂಳು ಬಂದು ಕೂತರೆ ಒದ್ದೆ ಬಟ್ಟೆಯಲ್ಲಿ ಎಲೆ ಎಲೆಯನ್ನೂ ಒರೆಸುತ್ತಿದ್ದರು, ಮಗುವಿನ ಮೂಗು ಒರೆಸಿದ ಹಾಗೆ. ಪಾಳಿ ಮುಗಿಸಿ ಬಂದವರು ಬೂಟು ಕೂಡ ಬಿಚ್ಚದೆ ಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೀಡಿ ಹಚ್ಚಿ, ಬೆಳಿಗ್ಗೆ ಬಿಟ್ಟುಹೋದ ಮೊಗ್ಗು ಎಷ್ಟು ಬಿರಿದಿದೆ ಎಂದು ನೋಡುತ್ತಿದ್ದರು. ಕೆಮ್ಮು ಬಂದರೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು, ಹೂವಿಗೆ ತಾಗಬಾರದೆಂದು. ಒಮ್ಮೆ ನನಗೆ ಹೇಳಿದ್ದರು: "ಒಳಗ್ ಕೈ ಇಟ್ರೆ ಕಲ್ಲು, ಮ್ಯಾಲೆ ಕೈ ಇಟ್ರೆ ಊವು. ಇನ್ನೇನ್ ಬೇಕು ರೈಟ್ರೇ?"

ದಿನಾ ಬೆಳಿಗ್ಗೆ ನನ್ನ ಹೆಂಡತಿಗೆ ಪೂಜೆಗೆಂದು ಒಂದು ಬೊಗಸೆ ಹೂವು ಅವರ ಮನೆಯಿಂದಲೇ ಬರುತ್ತಿತ್ತು. ಅದೇ ನನಗೆ ಹೊಟ್ಟೆಕಿಚ್ಚು. ಅವರೇ ಕೊಟ್ಟ ಸೇವಂತಿಗೆ ಮರಿಗಳನ್ನು ನಾನೂ ನೆಟ್ಟಿದ್ದೆ. ಬೇರು ಬಂದಿದೆಯೇ ಎಂದು ವಾರಕ್ಕೊಮ್ಮೆ ಕಿತ್ತು ನೋಡಿ ಮತ್ತೆ ನೆಡುತ್ತಿದ್ದೆ. ಗಿಡಗಳು ಎಲೆ ಬಿಟ್ಟವು, ಹೂ ಬಿಡಲಿಲ್ಲ. ನನ್ನನ್ನು ಹಾಗೆ ಕಿತ್ತು ನೋಡಿದ್ದರೆ ನಾನೂ ಬಿಡುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಸಾಲುಮನೆಗಳಿಗೆ ಗಣಿಯವರು ಹೂದೋಟದ ಸ್ಪರ್ಧೆ ಇಟ್ಟರು. ಹಿಂದಿನ ದಿನ ನಾನು ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಒಂದು ಚೀಲ ಬಿಡಿ ಸೇವಂತಿಗೆ ತಂದೆ. ಬೆಳಿಗ್ಗೆ ಹೆಂಡತಿ ಒದ್ದೆ ಬಾಳೆನಾರಿನಲ್ಲಿ ಒಂದೊಂದು ಹೂವನ್ನೂ ರೆಂಬೆಗೆ ಕಟ್ಟಿದಳು. ತೊಟ್ಟು ನಿಲ್ಲದ ಕಡೆ ಪೊರಕೆಯ ಕಡ್ಡಿ ಚುಚ್ಚಿದಳು. ಹೂ ಕಟ್ಟುವುದರಲ್ಲಿ ಅವಳ ಕೈ ಬಲು ಚುರುಕು, ಬಾಯಿ ಇನ್ನೂ ಚುರುಕು. "ದೇವ್ರಿಗ್ ಕಟ್ಟಿದ್ರೆ ಪುಣ್ಯನಾದ್ರೂ ಬರೋದು," ಎಂದಳು.

ದೇವರು ಬಹುಮಾನ ಕೊಡುವುದಿಲ್ಲವಲ್ಲ. ಗಣಿಯ ಸಾಹೇಬರೊಬ್ಬರು ಹೆಂಡತಿಯೊಡನೆ ತೋಟ ನೋಡಲು ಬಂದರು. ಆಕೆ ಮೂಸಲು ಬಗ್ಗಿದಾಗ ನಾನು ಕ್ಷಯರೋಗಿಯ ಹಾಗೆ ಕೆಮ್ಮಿದೆ. ಆಕೆ ಸರಕ್ಕನೆ ಹಿಂದೆ ಸರಿದರು. ಗಿಡಕ್ಕೆ ನೀರುಣಿಸುವ ತಗಡಿನ ಜಾರಿಯೊಂದನ್ನು ನನಗೆ ಬಹುಮಾನವಾಗಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ನನ್ನ ಹೂಗಳೆಲ್ಲ ನೇಣು ಹಾಕಿಕೊಂಡವರಂತೆ ಜೋತಿದ್ದವು. ಯಾರೂ ನೋಡುವ ಮೊದಲೇ ಕಿತ್ತು ತಿಪ್ಪೆಗೆ ಹಾಕಿದೆ.

ಪಕ್ಕದ ಮನೆಯಣ್ಣ ಆ ದಿನ ಹಗಲು ಪಾಳಿಯಲ್ಲಿದ್ದರು. ಸಂಜೆ ಸುದ್ದಿ ಕೇಳಿ ನನ್ನ ಬಾಗಿಲಿಗೆ ಬಂದರು. ಮುಖದಲ್ಲಿ ಎಳ್ಳಷ್ಟೂ ಅಸೂಯೆಯಿಲ್ಲ. ಹೂಗಳನ್ನೆಲ್ಲ ಸಾಹೇಬರ ಹೆಂಡತಿಗೆ ಕೊಯ್ದು ಕೊಟ್ಟೆ ಎಂದೆ; ರಾತ್ರಿ ಬೆಳಗಾಗುವುದರಲ್ಲಿ ಅರಳಲು ಗಿಡಕ್ಕೆ ಏನು ಹಾಕಿದಿರಿ ಎಂದು ಕೇಳಿದರು. ನಿಜ ಹೇಳಲಾಗದವನು ದೊಡ್ಡ ಸುಳ್ಳು ಹೇಳುವುದೇ ಮೇಲು ಎಂದು, ಗಣಿಯ ಕಾರ್ಬೈಡ್ ದೀಪದಲ್ಲಿ ಉಳಿಯುತ್ತದಲ್ಲ ಬಿಳಿ ಗಸಿ, ಅದನ್ನು ನೀರಿನಲ್ಲಿ ಕದಡಿ ಹೊಯ್ದೆ ಎಂದುಬಿಟ್ಟೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಕೈಯಲ್ಲಿದ್ದ ದೀಪ. ಅದರಿಂದ ಹುಟ್ಟಿದ ಗೊಬ್ಬರ ಅದು. ಹಾಜರಿ ಪುಸ್ತಕ ಬರೆಯುವವನ ಮಾತು, ಅವರು ನಂಬಿದರು.

ಆ ಗಸಿ ಸುಣ್ಣಕ್ಕೆ ಸಮ. ಅವರು ತಮ್ಮದಲ್ಲದೆ ಜೊತೆಯವರ ದೀಪಗಳದನ್ನೂ ಡಬ್ಬಿಯಲ್ಲಿ ತುಂಬಿ ತಂದು ಶ್ರದ್ಧೆಯಿಂದ ಹೊಯ್ದರು. ಸೇವಂತಿಗೆ ಹಳದಿಯಾಯಿತು, ಕನಕಾಂಬರ ಸುಟ್ಟಂತಾಯಿತು. ಇನ್ನೂ ಸಾಲದಾಯಿತೇನೋ ಎಂದು ಇನ್ನಷ್ಟು ಹೊಯ್ದರು. ನಾನು ಬೇಲಿಯಾಚೆಯಿಂದ ದಿನಾ ನೋಡುತ್ತಿದ್ದೆ. ಬಾಯಿ ಬಿಟ್ಟರೆ ಬಹುಮಾನದ ಜಾರಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಅವರ ಅಂಗಳ ಬೆಳ್ಳಗೆ ಬೋಳಾಗಿತ್ತು. ಪಾಳಿ ಮುಗಿಸಿ ಬಂದವರು ನೇರ ಒಳಗೆ ಹೋಗಿ ಗೋಡೆಗೊರಗಿ ಕೂರುತ್ತಿದ್ದರು. ಬೀಡಿ ಹಚ್ಚಲೂ ಹೊರಗೆ ಬರುತ್ತಿರಲಿಲ್ಲ.

ಪೂಜೆಗೆ ಹೂವು ನಿಂತಾಗ ಹೆಂಡತಿ ಕೇಳಿ ಕೇಳಿ ನನ್ನ ಬಾಯಿ ಬಿಡಿಸಿದಳು. ಅವತ್ತಿನಿಂದ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ.

ವೈಶಾಖದ ಒಂದು ಭಾನುವಾರ ಅಣ್ಣ ಗುಲಾಬಿಯ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಅದೊಂದಕ್ಕೆ ಇನ್ನೂ ಗಸಿ ಹಾಕಿರಲಿಲ್ಲವಂತೆ. ನನ್ನ ಮುಂದೆ ಇಟ್ಟರು.

"ಇದನ್ನ ನೀವೇ ಸಾಕ್ಕಳಿ ರೈಟ್ರೇ. ನಿಮ್ದು ಒಳ್ಳೆ ಕೈಗುಣ. ನನ್ ಕೈ ಕೆಟ್ಟೋಯ್ತು. ಇದುಕ್ಕೆ ಕಲ್ಲೇ ಸರಿ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಾನು ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದೆ: ಬಂಗಾರಪೇಟೆ, ಬಾಳೆನಾರು, ಪೊರಕೆ ಕಡ್ಡಿ, ಗಸಿ. ಹೊಡೆಯುತ್ತಾರೆ ಎಂದುಕೊಂಡು ಕೆನ್ನೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಬಹುಮಾನದ ಮಾತೇ ಎತ್ತಲಿಲ್ಲ. ಬಂಡೆ ಕೊರೆದು ಗಂಟುಗಟ್ಟಿದ್ದ ತಮ್ಮ ಅಂಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡರು.

"ಅಂಗಾರೆ ನನ್ ಕೈ ನೆಟ್ಟಗೇ ಐತೆ?"

ಐತೆ ಅಣ್ಣ, ಎಂದೆ.

"ಕುಂಡ ಇತ್ಲಾಗ್ ಕೊಡ್ಲಾ," ಎಂದರು.

ಆಮೇಲೆ ಎಷ್ಟೋ ಭಾನುವಾರ ನಾನು ಅವರ ಅಂಗಳದ ಬಿಳಿ ಮಣ್ಣು ಅಗೆದು ಹೊರಹಾಕಿದೆ. ಕ್ಯಾಸಂಬಳ್ಳಿ ಕಡೆಯ ಕೆರೆಯಿಂದ ಗೋಡು ಮಣ್ಣನ್ನು ಚೀಲದಲ್ಲಿ ಬಸ್ಸಿನ ಮೇಲೆ ಹೇರಿ ತಂದೆ. ಅವರು ಕುಕ್ಕರಗಾಲಿನಲ್ಲಿ ಕೂತು, ಬೀಡಿ ಎಳೆಯುತ್ತಾ, ಅಲ್ಲಿ ಆಳ ಸಾಲದು ಕಣ್ಲಾ, ಇಲ್ಲಿ ಹೆಂಟೆ ಒಡೀಲಾ ಎಂದು ಹೇಳುತ್ತಿದ್ದರು. ಹಾಜರಿ ಗುಮಾಸ್ತೆಯನ್ನು ಇಡೀ ಸಾಲಿನ ಎದುರು ರೈಟ್ರೇ ಎನ್ನದೆ ಲಾ ಎಂದು ಕರೆದವರು ಅವರೊಬ್ಬರೇ. ಯಾಕೆಂದು ಸಾಲಿನವರು ಕೇಳಿದರೂ ಹೇಳಲಿಲ್ಲ. ತಗಡಿನ ಜಾರಿಯನ್ನು ಕೊಡಹೋದರೆ ಮುಟ್ಟಲೂ ಇಲ್ಲ. ಅದು ತಳ ತೂತಾಗುವವರೆಗೂ ನನ್ನ ಮನೆಯಲ್ಲೇ ಇತ್ತು.

ಮರಿಗಳನ್ನು ನನ್ನ ಅಂಗಳದಿಂದಲೇ ಕೊಟ್ಟೆ, ಅವರು ಮೊದಲು ಕೊಟ್ಟಿದ್ದವುಗಳ ಸಂತಾನ. ಚಳಿ ಬಿದ್ದಾಗ ಒಂದು ಬೆಳಿಗ್ಗೆ ಹೆಂಡತಿಯ ಬಾಗಿಲಿಗೆ ಬೊಗಸೆ ಹೂವು ಬಂತು. ಬೇಲಿಯಾಚೆಯಿಂದ ಅವರು ಕೂಗಿದರು.

"ಮೊಗ್ಗು ಬಿರಿದೈತೆ, ಬಂದು ನೋಡ್ರಿ ರೈಟ್ರೇ."