ಉಸ್ತಾದರು ನಾಳೆ ನೋಡಿದ ಚಿತ್ರ

ನೀವು ನಕ್ಕರೆ ನಗಿರಿ, ಮೊದಲೇ ಹೇಳಿಬಿಡುತ್ತೇನೆ: ಇಂಥ ಮಾತು ಯಾರಾದರೂ ತೆಗೆದರೆ ಎದ್ದು ಹೋಗುವ ಮನುಷ್ಯ ನಾನು. ಕನಸಿನಲ್ಲಿ ಕಂಡದ್ದು ನಿಜವಾಯಿತು ಅಂದವರಿಗೆ 'ರಾತ್ರಿ ಉಂಡದ್ದು ಅರಗಿಲ್ಲ ನಿಮಗ' ಅಂದು ಚೇಷ್ಟೆ ಮಾಡುತ್ತಿದ್ದೆ. ಈಗ ನನ್ನ ಸರದಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮಾನ್ವಿ ಕಡೆಯ ಮಲ್ಲಟದವನು, ರಾಯಚೂರಿನಲ್ಲಿ ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದೆ. ಕುಂಚ ಹಿಡಿಯಲು ಕಲಿಸಿದವರು ಮೆಹಬೂಬ್ ಉಸ್ತಾದರು. ಅವರ ಮನೆಮಾತು ದಖನಿ. ಅದರಲ್ಲಿ ನಿನ್ನೆಗೂ 'ಕಲ್', ನಾಳೆಗೂ 'ಕಲ್'. ಹಾಗಾಗಿ ಕನ್ನಡದಲ್ಲಿ ಅವೆರಡೂ ಅವರಿಗೆ ಅದಲುಬದಲಾಗುತ್ತಿದ್ದವು. 'ನಾಳಿ ಸಿರವಾರಕ್ಕ ಹೋಗಿದ್ದೆ' ಅನ್ನುವರು. ನಾವು ಶಿಷ್ಯರು ಒಂದು ಉಪಾಯ ಕಂಡುಕೊಂಡಿದ್ದೆವು. ಉಸ್ತಾದರು ಹೇಳಿದ ದಿನ ನಂಬಬಾರದು. 'ಹೋಗಿದ್ದೆ'ಯೋ 'ಹೋಗ್ತೀನಿ'ಯೋ, ಅಷ್ಟನ್ನೇ ನಂಬಬೇಕು. ಈ ಉಪಾಯ ಒಮ್ಮೆಯೂ ತಪ್ಪಿರಲಿಲ್ಲ.

ಬೋರ್ಡು ಬರೆದು ಉಳಿದ ಹೊತ್ತಿನಲ್ಲಿ ನಾನೊಂದು ಹುಚ್ಚು ಹಚ್ಚಿಕೊಂಡಿದ್ದೆ. ಕಿವಿ, ನಾಲಿಗೆ, ಚರ್ಮ, ಮೂಗು, ಇವಕ್ಕೆ ತಿಳಿದದ್ದನ್ನು ಕಣ್ಣಿಗೆ ತೋರಿಸುವ ನಾಲ್ಕು ಚಿತ್ರ ಬರೆಯಬೇಕು ಅಂತ. ನನ್ನ ಪದ್ಧತಿ ಸರಳ: ಕಣ್ಣು ಮುಚ್ಚಿ ಕೂಡುವುದು, ಒಳಗೆ ಮೊದಲು ಬಂದ ಬಣ್ಣವನ್ನು ವಿಚಾರ ಮಾಡದೆ ಬಳಿಯುವುದು. ಅಕ್ಕಿ ಗಿರಣಿಯ ಸದ್ದು ಬಂತು, ಹುಣಸೆಹಣ್ಣಿನ ಹುಳಿ ಬಂತು, ಭತ್ತದ ತೌಡು ಮುಟ್ಟಿದ್ದೂ ಬಂತು. ವಾಸನೆ ಮಾತ್ರ ಬರಲೊಲ್ಲದು. ಆರು ತಿಂಗಳಾದರೂ ಹಲಗೆ ಬೆಳ್ಳಗೇ ಉಳಿಯಿತು.

ಉಸ್ತಾದರಿಗೂ ಅದೇ ಚಿಂತೆ. ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿದ್ದವು, ಡಾಕ್ಟರು ಕೈಚೆಲ್ಲಿದ್ದರು. 'ಮೂರು ನೋಡೀನಿ ಬೇಟಾ. ನಾಕನೇದು ನೋಡೋತನಕ ಇವು ಇದ್ರ ಸಾಕು' ಅನ್ನುವರು. ಅವರ ತಾಯಿ ದೇವದುರ್ಗದವರು. ಕುಸುಬಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಓಣಿಯೆಲ್ಲ ಘಮ್ಮೆನ್ನುತ್ತಿತ್ತಂತೆ. 'ಅಲ್ಲಿ ಗಾಣದ ಮುಂದ ಹೋಗಿ ಕುಂದ್ರು' ಅಂತ ಉಸ್ತಾದರೇ ದಾರಿ ತೋರಿಸಿದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೇಳಿ ಬರಲು ಹೋದೆ. ಚಹಾ ಕುಡಿಯುತ್ತ ಉಸ್ತಾದರು, 'ನಾಳಿ ನಿನ್ನ ಚಿತ್ರ ನೋಡಿದೆ. ಛಲೋ ಬಂದದ. ಎಡಕ್ಕ ಕೆಳಗ ಹೆಬ್ಬೆಟ್ಟು ಬೆಳ್ಳಗ ಉಳದದ, ಮುಚ್ಚಬ್ಯಾಡ' ಅಂದರು.

'ನೋಡ್ತೀನಿ ಅನ್ರಿ ಉಸ್ತಾದ್. ಹಲಗಿ ಇನ್ನೂ ಖಾಲಿ ಅದ' ಅಂತ ನಕ್ಕೆ. ಅವರು ನಗಲಿಲ್ಲ. ವಯಸ್ಸಾಯಿತು, ನಮ್ಮ ಉಪಾಯವೂ ಇನ್ನು ಕೈಕೊಡುತ್ತದೆ ಅಂದುಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೋಗಿ ಗಾಣದ ಎದುರು ಕೂತೆ. ಗಾಣದ ಮನೆಯ ಹೆಣ್ಣುಮಗಳು ಎಣ್ಣೆಗೈಯಲ್ಲೇ ಹಲಗೆ ಎತ್ತಿ, 'ಏನ್ ಬರೀತೀರಿ ಇದರಾಗ?' ಅಂದಳು. ನಿಮ್ಮ ಎಣ್ಣೆಯ ವಾಸನೆ ಅಂದೆ. 'ಮೂಗಿಲೆ ಬರೀತೀರೇನ್ರೀ?' ಅಂದು ಸೆರಗು ಬಾಯಿಗಿಟ್ಟು ನಕ್ಕಳು. ನಾನು ಕಣ್ಣು ಮುಚ್ಚಿದೆ. ಮೊದಮೊದಲು ಬರೀ ಹಿಂಡಿಯ ಕಮಟು. ಒಂದು ತಾಸಿನ ಮೇಲೆ ಕುಸುಬಿ ಹೂವಿನ ಕೇಸರಿ ಒಳಗೆಲ್ಲ ಹರಡಿತು. ಅಲ್ಲೇ, ಗೋಂದಿನಲ್ಲಿ ಕಲಸಿದ ನೀರುಬಣ್ಣ ಬಳಿದೆ. ಹಲಗೆ ತುಂಬಿತು, ಎಡಕ್ಕೆ ಕೆಳಗೆ ಒಂದು ಕಡೆ ಮಾತ್ರ ಬಣ್ಣ ಹಿಡಿಯಲೊಲ್ಲದು. ಬಗ್ಗಿ ನೋಡಿದರೆ ಆ ಹೆಣ್ಣುಮಗಳ ಎಣ್ಣೆ ಹೆಬ್ಬೆಟ್ಟು, ಗೆರೆಗೆರೆಯಾಗಿ ಬೆಳ್ಳಗೆ ಉಳಿದಿತ್ತು. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಬಸ್ಸು ಕಲ್ಮಲ ದಾಟಿದರೂ ಹಲಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನೇರ ಉಸ್ತಾದರ ಮನೆಗೆ ಹೋಗಿ 'ನೋಡ್ರಿ ಉಸ್ತಾದ್' ಅಂತ ಹಲಗೆ ಚಾಚಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಕೂತವರು ಹೊರಳಲೇ ಇಲ್ಲ. ಒಳಗಿಂದ ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಬಂದು, 'ನಾಳಿ ಸಂಜಿಗೆ ಕಣ್ಣು ಪೂರಾ ಹೋದ್ವು ಬೇಟಾ' ಅಂದರು. ಅವರಿಗೂ ಅದೇ ಅದಲುಬದಲು. 'ಹೋದ್ವು' ಅಂದರೆ ನಿನ್ನೆ. ನನಗೆ ಅಳು ತಡೆಯಲಾಗಲಿಲ್ಲ. ಒಂದೇ ಒಂದು ದಿನ ತಡಮಾಡಿದೆನಲ್ಲ ಅಂತ ಉಸ್ತಾದರ ಕಾಲ ಹತ್ತಿರ ಕುಸಿದೆ.

ಅವರು ಹಲಗೆ ಇಸಿದುಕೊಂಡು ಮೂಸಿದರು. ಬೆರಳು ಎಲ್ಲೂ ತಡವರಿಸದೆ ಎಡಕ್ಕೆ ಕೆಳಗೆ, ಆ ಬಿಳಿ ಗುರುತಿನ ಮೇಲೆ ಹೋಗಿ ನಿಂತಿತು. 'ಅಳಬ್ಯಾಡ. ನೋಡೀನಲ್ಲ' ಅಂದರು.

ಎಣ್ಣೆಯ ವಾಸನೆ ಹಿಡಿದು ಬೆರಳು ಅಲ್ಲಿಗೆ ಹೋಗಿರಬಹುದು. ಗಾಣದವರು ಹಲಗೆ ಮುಟ್ಟದೆ ಬಿಡುವುದಿಲ್ಲ ಅಂತ ಉಸ್ತಾದರು ಮೊದಲೇ ಊಹಿಸಿರಲೂಬಹುದು. ಎಷ್ಟು ಸಮಾಧಾನ ಹೇಳಿಕೊಂಡರೂ ಒಂದೂ ಸರಿಯಾಗಿ ಕೂಡುವುದಿಲ್ಲ. ಉಸ್ತಾದರು ಈಗಿಲ್ಲ. ಚಿತ್ರ ನನ್ನ ಗೋಡೆಯ ಮೇಲಿದೆ, ಹೆಬ್ಬೆಟ್ಟನ್ನು ಮುಚ್ಚಿಲ್ಲ. ಅವರು 'ನಾಳಿ' ಅಂದದ್ದು ತಪ್ಪಿರಬಹುದು. ಆದರೆ 'ನೋಡಿದೆ' ಅಂದದ್ದನ್ನು ತಿದ್ದಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.