ಸಿಪ್ಪೆ ಕೊಟ್ಟು ಟೈರು ಸುಟ್ಟದ್ದು

ಭೂಮಿಯ ಮೇಲಿನ ಹೊಗೆಗೆಲ್ಲ ಮನುಷ್ಯನ ದುರಾಸೆಯೇ ಮೂಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಬೇಡಕಿಹಾಳದ ಕಡೆ ನನ್ನ ಸೋದರಮಾವನ ಬೆಲ್ಲದ ಗಾಣದಿಂದ ಏಳುತ್ತಿದ್ದ ಕರೀ ಹೊಗೆಗೆ ಮಾತ್ರ ಅವನ ದೊಡ್ಡ ಮನಸ್ಸೇ ಮೂಲವಾಗಿತ್ತು.

ಗಾಣದ ವ್ಯವಹಾರ ಸರಳ. ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನು ಅಂಗಳದಲ್ಲಿ ಹರವಿ ಒಣಗಿಸಬೇಕು. ಅದೇ ಸಿಪ್ಪೆಯಿಂದ ಒಲೆ ಉರಿದು ಕಡಾಯಿಯಲ್ಲಿನ ಕಬ್ಬಿನ ಹಾಲು ಬೆಲ್ಲವಾಗಬೇಕು. ಹೊರಗಿನಿಂದ ಒಂದು ಕಡ್ಡಿ ತರುವ ಕಾರಣವಿಲ್ಲ. ಆದರೆ ಗಾಣಕ್ಕೆ ಬಂದವರು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಪದ್ಧತಿ. ಕುಡಿಯಲು ಒಂದು ತಂಬಿಗೆ ಹಾಲು, ಎಲೆಯ ಮೇಲೆ ಬಿಸಿ ಬೆಲ್ಲ. ಈ ಕಾಯದೆಗೆ ಮಾಮಾ ತನ್ನದೊಂದು ಕಲಮು ಸೇರಿಸಿದ್ದ: ಕೇಳಿದವರಿಗೆ ಮನೆಯ ಒಲೆಗೆಂದು ಒಂದು ಹೊರೆ ಒಣ ಸಿಪ್ಪೆ. ಕೇಳದವರು ಯಾರೂ ಇರಲಿಲ್ಲ. ಹೊತ್ತು ನೆತ್ತಿಗೇರುವುದರೊಳಗೆ ಅಂಗಳ ಬೋಳಾಗುತ್ತಿತ್ತು. ಕುದಿಯುವ ಹಾಲು ನಾಳೆಗೆ ಕಾಯುವುದಿಲ್ಲ. ಆಗ ನಿಪ್ಪಾಣಿಯ ಪಂಕ್ಚರ್ ಅಂಗಡಿಗಳಿಂದ ತಂದ ಹಳೆಯ ಟೈರುಗಳು ಒಲೆಗೆ ಬೀಳುತ್ತಿದ್ದವು. ಆ ಹೊಗೆ ಹೋಗಿ ಓಣಿಯವರು ಒಣಹಾಕಿದ ಧೋತರ, ಸೀರೆಗಳ ಮೇಲೆ ಕೂರುತ್ತಿತ್ತು. ಮುಂಜಾನೆ ಸಿಪ್ಪೆ ಒಯ್ದವರೇ ಸಂಜೆ ತಕರಾರು ತರುತ್ತಿದ್ದರು. ತಕರಾರು ಮುಗಿಸಿ ಹೋಗುವಾಗ ನಾಳೆಯ ಹೊರೆಗೆ ಹೇಳಿಟ್ಟು ಹೋಗುತ್ತಿದ್ದರು.

ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು. ಪುಣೆಯ ವ್ಯಾಪಾರಿಯೊಬ್ಬ ಬಂದು, ಹಂಗಾಮಿನ ಬೆಲ್ಲವನ್ನೆಲ್ಲ ತಾನೇ ಕೊಳ್ಳುತ್ತೇನೆ, ಆದರೆ ಗಾಣದ ಕಾರ್ಬನ್ ಕಡಿಮೆಯಾಗಬೇಕು, ಟೈರಂತೂ ಕಣ್ಣಿಗೇ ಬೀಳಬಾರದು ಎಂದು ಹೇಳಿ ಹೋದ.

"ಕಾರ್ಬನ್ ಎಲ್ಲೈತೋ ಅಳ್ಯಾ ನಮ್ಮಲ್ಲಿ?" ಎಂದ ಮಾಮಾ.

ನಾನು ಚಿಮಣಿಯ ಕಡೆ ಬೆರಳು ತೋರಿಸಿದೆ. ಅವನು ಬಹಳ ಹೊತ್ತು ಮೇಲೆ ನೋಡಿದ.

"ಇಂವ ಕೈ ಬಿಟ್ರ ಮುಗೀತು. ಉಳದ ಯಾಪಾರಸ್ತರು ನಮ್ಮ ಬೆಲ್ಲ ಮೂಸಿ ನೋಡಿ ಹೊಳ್ಳಿ ಹೊಂಟಾರ. ಗಾಣಕ್ಕ ಕೀಲಿ ಹಾಕಿ ಕಬ್ಬ ಫ್ಯಾಕ್ಟರಿಗೆ ಕಳಸೂದ. ನಮ್ಮಪ್ಪ ಹೂಡಿದ ಗಾಣ ಇದು."

ನಾನು ಆಗ ಚಿಕ್ಕೋಡಿಯಲ್ಲಿ ಮಾಸ್ತರನಾಗಿದ್ದೆ. ಪರಿಚಯದ ಎಂಜಿನಿಯರರೊಬ್ಬರನ್ನು ಕರೆತಂದೆ. ಅವರು ಒಲೆ ಕೆಡವಿಸಿ ಹೊಸದು ಕಟ್ಟಿಸಿದರು. ಚಿಮಣಿಗೆ ಹೋಗುವ ಬಿಸಿಯೇ ದಾರಿಯಲ್ಲಿ ಇನ್ನೊಂದು ಕಡಾಯಿಯನ್ನೂ ಕಾಯಿಸುವ ಯುಕ್ತಿ ಅದು. ನಿಜಕ್ಕೂ ಕೆಲಸ ಮಾಡಿತು. ಹೊಗೆ ತೆಳ್ಳಗಾಯಿತು, ಮೊದಲಿನ ಅರ್ಧ ಸಿಪ್ಪೆ ಸಾಕಾಯಿತು, ಉಳಿದ ಅರ್ಧ ಅಂಗಳದಲ್ಲಿ ಗುಡ್ಡದಂತೆ ಬೆಳೆಯಿತು. ವಿಜ್ಞಾನದ ಮೇಲಿನ ನನ್ನ ಗೌರವವೂ ಅಷ್ಟೇ ಎತ್ತರಕ್ಕೆ ಬೆಳೆಯಿತು.

ಗುಡ್ಡ ದೂರದಿಂದಲೇ ಕಾಣುತ್ತಿತ್ತು. ತಲೆಹೊರೆಯವರು ಚಕ್ಕಡಿ ಹೂಡಿಕೊಂಡು ಬಂದರು. ಚಕ್ಕಡಿಯವರನ್ನು ನೋಡಿ ಬೀಗರು ಟ್ರ್ಯಾಕ್ಟರ್ ತಂದರು. ಮುಂದಿನ ಭಾನುವಾರ ನಾನು ಹೋದಾಗ ಒಲೆಯಲ್ಲಿ ಮತ್ತೆ ಟೈರು ಉರಿಯುತ್ತಿತ್ತು.

"ಒಮ್ಮೆರೆ ಇಲ್ಲ ಅನ್ನಾಕ ಬರೂದಿಲ್ಲೇನ ನಿನಗ?"

"ಮೊದಲ ಚೂರುಪಾರು ಇತ್ತು, ತೀರೇತಿ ಅಂದ್ರ ನಡೀತಿತ್ತು. ಈಗ ಗುಡ್ಡ ಒಟ್ಟೀರಿ ನೀವು. ಯಾವ ಬಾಯಿಲೆ ಇಲ್ಲ ಅನ್ನಲಿ?"

"ತಗಡ ಹೊಡದ ಒಂದು ಶೆಡ್ ಕಟ್ಟು. ಮಂದಿ ಕಣ್ಣಿಗೆ ಬೀಳೂದಿಲ್ಲ."

ಶೆಡ್ ಆಯಿತು. ಬಾಗಿಲು ಇಡಲಿಲ್ಲ. ಕಾರಣವನ್ನು ಅತ್ತೆ ಹೇಳಿದಳು: "ಸಿಪ್ಪಿಗೆ ಕೀಲಿ ಹಾಕೀರೇನ ಅಂತ ಮಂದಿ ಆಡಿಕೊಂಡ್ರ, ನೀ ಬಂದ ಉತ್ತರಾ ಕೊಡ್ತೀಯೇನಪಾ?"

ವ್ಯಾಪಾರಿ ನೋಡಲು ಬರುವ ದಿನ ಗೊತ್ತಾದಾಗ ನಾನು ಅಕ್ಷರಶಃ ಕೈ ಮುಗಿದೆ. "ಅಂವ ಬಂದ ಹೋಗೂತನಕ ಯಾರಿಗೂ ಒಂದ ಎಸಳ ಸಿಪ್ಪಿ ಕೊಡಬ್ಯಾಡ." ಮಾಮಾ ಮಾತು ಕೊಟ್ಟ, ಉಳಿಸಿಕೊಂಡ ಕೂಡ. ಕೇಳಲು ಬಂದ ಓಣಿಯವರಿಗೆಲ್ಲ ಹಾಲು ಕುಡಿಸಿ, ಕಣ್ಣು ತಗ್ಗಿಸಿ ಹೊಳ್ಳಿ ಕಳಿಸಿದ. ಬಿಳಿ ಹೊಗೆ ಹಗುರಾಗಿ ಏಳುತ್ತಿತ್ತು. ವ್ಯಾಪಾರಿ ಟೆಂಪೊದಿಂದಿಳಿದು ಚಿಮಣಿ ನೋಡಿದ, ಎಲೆಯ ಮೇಲಿನ ಬಿಸಿ ಬೆಲ್ಲ ತಿಂದು ತಲೆದೂಗಿದ. ಪರೀಕ್ಷೆ ಮುಗಿಯಿತೆಂದು ನಾನು ಊಟದ ಎಲೆ ಹಾಕಿಸಲು ಒಳಗೆ ಹೋದೆ.

ಅಷ್ಟರಲ್ಲಿ ಅವನು ಶೆಡ್ಡಿನೊಳಗೆ ಇಣುಕಿದ್ದಾನೆ. ತನ್ನ ತೋಟದ ಗಿಡಗಳ ಬುಡಕ್ಕೆ ಹಾಸಲು ಸಿಪ್ಪೆ ಬಹಳ ಚಲೋ ಎಂದು ಎಲ್ಲೋ ಓದಿದ್ದನಂತೆ.

"ಮಾಮಾ, ಥೋಡಂ ದ್ಯಾ ಕೀ," ಎಂದು ಮರಾಠಿಯಲ್ಲಿ ಕೇಳಿದ.

ಸ್ವಲ್ಪ ಕೇಳಿದವನಿಗೆ ಸ್ವಲ್ಪವೇ ಕೊಡುವುದು ನಮ್ಮ ಮನೆತನಕ್ಕೆ ಒಗ್ಗಿದ್ದಲ್ಲ. ಅದೂ ಅತಿಥಿ. ನಾನು ಹೊರಗೆ ಬರುವಷ್ಟರಲ್ಲಿ ಟೆಂಪೊ ಸಿಪ್ಪೆಯಿಂದ ತುಂಬಿ, ಮೇಲೆ ಹಗ್ಗ ಬಿಗಿದಿತ್ತು. ಶೆಡ್ಡಿನಲ್ಲಿ ನೆಲ ಕಾಣುತ್ತಿತ್ತು.

"ಮಾಮಾ, ಇದೇನ ಮಾಡಿದ್ಯೋ?"

"ಯಾರಿಗೂ ಕೊಡಬ್ಯಾಡ ಅಂದಿದ್ದಿ. ಅಂವಗೂ ಕೊಡಬ್ಯಾಡ ಅಂದಿದ್ದಿಯೇನ?"

ಕಡಾಯಿಯಲ್ಲಿ ಹಾಲು ಅರ್ಧ ಕುದಿದಿತ್ತು. ಅತಿಥಿ ಬೇವಿನ ಗಿಡದ ಕೆಳಗೆ ಭಕ್ಕರಿ, ಝುಣಕದ ಊಟಕ್ಕೆ ಕೂತಿದ್ದ. ಒಲೆಗೆ ಉರಿ ಹಾಕುವವನು ಮಾಮಾನ ಮುಖ ನೋಡಿದ, ಮಾಮಾ ಕಡಾಯಿ ನೋಡಿದ, ನಾನು ಆಕಾಶ ನೋಡಿದೆ. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ನೋಡುವಂಥದ್ದು ಬಂತು. ಕರಿ ಹೊಗೆ ಬೇವಿನ ಗಿಡವನ್ನು ಬಳಸಿಕೊಂಡು ಊಟದ ಎಲೆಯವರೆಗೂ ಇಳಿಯಿತು.

ವ್ಯಾಪಾರಿ ಕೈ ತೊಳೆದು ಎದ್ದ. ಬೆಲ್ಲ ಬೇಡವೆಂದ, ಸಿಪ್ಪೆ ಒಯ್ದ. ಅದರ ಮುಂದಿನ ಹಂಗಾಮಿನಿಂದ ಮಾಮಾನ ಕಬ್ಬು ಫ್ಯಾಕ್ಟರಿಗೆ ಹೋಗುತ್ತಿದೆ.