ಗಂಜಿ ಹಾಕಿದ ಜೆರ್ಸಿ

‘ನವತಾರೆ’ ಎಂಬ ಹೆಸರನ್ನು ಮಂಗಳೂರಿನ ಕುಲಶೇಖರದಲ್ಲಿ ಬಟ್ಟೆ ಒಗೆಯುವ ಹೇಮಾಕ್ಷಿ ಮೊದಲು ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಾಗ. ಬಿಜೈಯಲ್ಲಿ ಕೊಡೆ ರಿಪೇರಿ ಮಾಡುವ ಬದ್ರುದ್ದೀನ್ ಒಂದು ಗೋಣಿಚೀಲವನ್ನು ಜಗಲಿಯಲ್ಲಿಳಿಸಿದರು. ಒಳಗೆ ಹದಿನಾರು ಕೆಂಪು ಜೆರ್ಸಿ.

“ನಮ್ಮ ‘ನವತಾರೆ’ ಫುಟ್ಬಾಲ್ ಟೀಮಿನದ್ದು ಅಕ್ಕ. ಇಪ್ಪತ್ತೆರಡು ವರ್ಷದ ಮೇಲೆ ಎ ಡಿವಿಜನಿಗೆ ಹತ್ತಿದ್ದೇವೆ. ಕೊನೆಯ ಎರಡು ಸ್ಥಾನಕ್ಕೆ ಬಿದ್ದರೆ ಪುನಃ ಕೆಳಗೆ. ಕೊಡಿಯಾಲ್‌ಬೈಲಿನ ಫುಟ್ಬಾಲ್ ಸಂಘದ ಮೀಟಿಂಗಿನಲ್ಲಿ ನನಗೆ ಪುನಃ ಹಿಂದಿನ ಬೆಂಚು.”

“ನಿಮಗೆ ಕೊಡೆ ಸಾಲದಾ ಮಾರಾಯ್ರೇ?”

“ಮಳೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಎಂತ ಮಾಡುವುದು?”

ದೊಡ್ಡ ಪಂದ್ಯವಲ್ಲವೇ ಎಂದು ಹೇಮಾಕ್ಷಿ ಮನಸ್ಸಿಟ್ಟು ಒಗೆದಳು. ಗಂಡ ಇದ್ದಾಗ ಮದುವೆಯ ಮನೆಗಳ ಪಂಚೆಗೆ ಹಾಕುತ್ತಿದ್ದಂತೆ ಕುಚ್ಚಲಕ್ಕಿಯ ದಪ್ಪ ಗಂಜಿತಿಳಿ ಹಾಕಿ ಒಣಗಿಸಿ ಮಡಚಿ ಕೊಟ್ಟಳು. ಜೆರ್ಸಿಗಳು ಹಪ್ಪಳದಂತೆ ನಿಂತವು. ಮೈದಾನದಲ್ಲಿ ಹುಡುಗರ ಬೆವರು ಇಳಿದದ್ದೇ ತಡ, ಅಂಟು ಅಂಟಾಗಿ ಮೈಗೆ ಹಿಡಿದುಕೊಂಡವು. ನಾಲ್ಕು ಗೋಲಿನ ಸೋಲು. ಅಂದಿನಿಂದ ಎದುರಿನವರು ಕೂಗುವುದು ‘ಗಂಜಿ ಟೀಮ್’ ಎಂದೇ.

ಹೇಮಾಕ್ಷಿಗೆ ಭೂಮಿಗೆ ಇಳಿದು ಹೋದಂತಾಯಿತು. “ಇನ್ನು ಮಿಷನಿನಲ್ಲಿ ಒಗೆಯುವ ಅಂಗಡಿಗೆ ಕೊಡಿ,” ಎಂದಳು.

“ಗಂಜಿ ಹಾಕಿದ್ದು ನೀವು. ಗೋಲು ತಿಂದದ್ದು ನಾವು. ಒಗೆಯಿರಿ ಅಕ್ಕ,” ಎಂದು ಬದ್ರುದ್ದೀನ್ ಚೀಲ ಅಲ್ಲೇ ಬಿಟ್ಟು ಹೋದರು.

ವಾರ ವಾರ ಒಗೆಯುತ್ತ ಹೋದಂತೆ ಅವಳಿಗೆ ಹುಡುಗರ ಪರಿಚಯವೂ ಆಯಿತು. ಗೋಲ್‌ಕೀಪರ್ ಆನ್ಸನ್‌ನ ಕಾಲರಿಗೆ ಗ್ಯಾರೇಜಿನ ಗ್ರೀಸು. ಅರಾಫತನ ತೋಳಿನಲ್ಲಿ ಮೀನಿನ ಹುರುಪೆ. ಎಲ್ಲರೂ ಕೆಲಸದಿಂದ ನೇರ ಓಡಿ ಬರುವವರು.

“ಇವರು ಊಟ ಯಾವಾಗ ಮಾಡುವುದು?” ಎಂದು ಕೇಳಿದಳು.

ಬದ್ರುದ್ದೀನ್ ತಲೆ ಕೆರೆದುಕೊಂಡರು. “ಆಟ ಮುಗಿದ ಮೇಲೆ.”

“ಮತ್ತೆ ಗೋಲು ತಿನ್ನುವುದು ಯಾವಾಗ?”

“ಕೊನೆಯ ಹದಿನೈದು ನಿಮಿಷದಲ್ಲಿ,” ಎಂದರು. ಇಷ್ಟು ವರ್ಷ ಹುಡುಗರಿಗೆ ಓಡುವುದು ಕಲಿಸಿದ್ದೇ ಆಯಿತು, ಉಂಡಿರಾ ಎಂದು ಕೇಳಿದ್ದು ನೆನಪಾಗಲಿಲ್ಲ.

ಕೊನೆಯ ಪಂದ್ಯದ ದಿನ, ಎ ಡಿವಿಜನಿನಲ್ಲಿ ಉಳಿಯಲು ಸಮ ಮಾಡಿಕೊಂಡರೂ ಸಾಕಿತ್ತು. ಹುಡುಗರನ್ನು ಆಟಕ್ಕೆ ಎರಡು ಗಂಟೆ ಮೊದಲೇ ಕರೆಸಲು ಬದ್ರುದ್ದೀನರಿಗೆ ಹೇಳಿ, ಹೇಮಾಕ್ಷಿ ಪಾತ್ರೆ ತುಂಬ ಗಂಜಿ, ತೆಂಗಿನಕಾಯಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ರಿಕ್ಷಾದಲ್ಲಿ ಮೈದಾನಕ್ಕೆ ಹೋದಳು. ಎದುರಿನವರಿಗೆ ನಗುವೋ ನಗು. ಹುಡುಗರು ತಲೆ ತಗ್ಗಿಸಿ ಸುರಿದುಕೊಂಡರು.

ಗೋಲು ಒಂದು–ಒಂದು. ಕೊನೆಯ ಹದಿನೈದು ನಿಮಿಷ ಅವಳು ಆಟ ನೋಡಲೇ ಇಲ್ಲ, ಹುಡುಗರ ಕಾಲನ್ನೇ ನೋಡಿದಳು. ಒಬ್ಬನೂ ಸೊಂಟಕ್ಕೆ ಕೈ ಕೊಡಲಿಲ್ಲ. ಎದುರಿನವರ ಕಟ್ಟಕಡೆಯ ಚೆಂಡಿಗೆ ಆನ್ಸನ್ ಅಡ್ಡ ಹಾರಿದ. ರೆಫರಿ ಸೀಟಿ ಊದಿದರು. ನವತಾರೆ ಮೇಲೆಯೇ ಉಳಿಯಿತು.

ಮೊನ್ನೆ ಬದ್ರುದ್ದೀನ್ ಬಂದದ್ದು ಚೀಲವಿಲ್ಲದೆ. ಕಾಗದದ ಪೊಟ್ಟಣ ಬಿಚ್ಚಿ ಒಂದೇ ಒಂದು ಬಿಳಿ ಅಂಗಿಯನ್ನು ಜಗಲಿಯಲ್ಲಿಟ್ಟರು.

“ನಾಡಿದ್ದು ಮೀಟಿಂಗ್ ಉಂಟು ಅಕ್ಕ. ಮುಂದಿನ ಬೆಂಚಿನಲ್ಲಿ ಕೂತುಕೊಳ್ಳಲಿಕ್ಕುಂಟು. ಇದಕ್ಕೆ ಗಂಜಿ ಹಾಕಿ ಕೊಡ್ತೀರಾ? ಆ ದಿನ ಜೆರ್ಸಿಗೆ ಹಾಕಿದ್ದಿರಲ್ಲ, ಅಷ್ಟೇ ದಪ್ಪಕ್ಕೆ.”